ಒಂದೇ ಫೈಲು, ಎರಡು ಖಿಡಕಿ

ಕಂಪ್ಯೂಟರಿನಲ್ಲಿ ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ: ಮೌಸ್ ಮುಟ್ಟದೆ ಪರದೆಯನ್ನು ಹೋಳು ಮಾಡುವುದು. ಕೋಲನ್ ಒತ್ತಿ ‘ಎಸ್‌ಪಿ’ ಎಂದು ಬರೆದರೆ ಪರದೆ ಅಡ್ಡಕ್ಕೆ ಸೀಳುತ್ತದೆ. ಅದರ ಮೊದಲಿಗೊಂದು ‘ವಿ’ ಸೇರಿಸಿದರೆ ಉದ್ದಕ್ಕೆ ಸೀಳುತ್ತದೆ. ಹೀಗೆ ಸೀಳಿದ ಒಂದೊಂದು ತುಂಡಿಗೂ ಕಿಟಕಿ ಎಂದು ಹೆಸರು. ಈ ವಿದ್ಯೆಯಿಂದ ಮದುವೆಯ ಮಾತುಕತೆಯಲ್ಲಿ ನನಗೇನೂ ಲಾಭವಾಗಲಿಲ್ಲ. ನೋಡಲು ಬಂದ ಹುಡುಗನ ತಾಯಿ, “ಕಂಪ್ಯೂಟರದಾಗ ಏನೇನ್ ಬರತೈತವಾ?” ಎಂದು ಕೇಳಿದರು. ನಾನು ಹುರುಪಿನಿಂದ ವಿವರಿಸಿದೆ. ಆಕೆ ಪೂರ್ತಿ ಕೇಳಿಸಿಕೊಂಡು, “ಹೊಲಿಗಿ ಬರತೈತೇನು?” ಅಂದರು.

ಕಿಟಕಿ ಎನ್ನುವುದು ಹಾಗೆ ನೋಡಿದರೆ ದೊಡ್ಡ ಮನೆತನದ ವಸ್ತು. ಸಂಸ್ಕೃತದವರು ಅದನ್ನು ಗವಾಕ್ಷವೆಂದರು, ಅಂದರೆ ಹಸುವಿನ ಕಣ್ಣು. ಇಂಗ್ಲಿಷಿನ ಪೂರ್ವಿಕರು ಗಾಳಿಯ ಕಣ್ಣು ಎಂದರಂತೆ. ನಮ್ಮ ಬೆಳಗಾವಿ ಸೀಮೆಯಲ್ಲಿ ಅದು ಖಿಡಕಿ. ಇದರಲ್ಲಿ ಹಸುವೂ ಇಲ್ಲ, ಗಾಳಿಯೂ ಇಲ್ಲ, ಕಣ್ಣಂತೂ ಇಲ್ಲವೇ ಇಲ್ಲ. ತುಕ್ಕು ಹಿಡಿದ ಕೊಂಡಿಯ ಸದ್ದು ಮಾತ್ರ ಇದೆ. ನಾನು ಹೇಳಹೊರಟ ಸಂಗತಿಯಲ್ಲಿ ಆ ಸದ್ದೇ ಹೆಚ್ಚು.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿದ್ದ ಕಾಲ. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಿಂದ ನಾನು ಗೋಕಾಕದ ಒಂದು ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನನ್ನದು ತಾತ್ಕಾಲಿಕ ಕಂಪ್ಯೂಟರ್ ಬೋಧಕಿಯ ಹುದ್ದೆ. ಛತ್ರಿಯ ಹಾಗೆ ನನ್ನನ್ನು ಮಳೆಗಾಲಕ್ಕೆ ಹೊರಗೆ ತೆಗೆದು ಬೇಸಿಗೆಗೆ ಅಟ್ಟಕ್ಕೆ ಹಾಕುತ್ತಿದ್ದರು. ನಮ್ಮ ಲ್ಯಾಬಿನ ಯಂತ್ರಗಳಿಗೆ ವೈರಸ್ ಹೊಕ್ಕು, ಬೆಳಗಾವಿಯಿಂದ ಬಂದ ದುರಸ್ತಿಯವರು ಎಲ್ಲವನ್ನೂ ಒರೆಸಿ, ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಹೋಗಿದ್ದರು. ಬಣ್ಣಬಣ್ಣದ ತಂತ್ರಾಂಶ ಓಡಿಸುವ ತ್ರಾಣ ಆ ಮುದಿ ಯಂತ್ರಗಳಿಗೆ ಇರಲಿಲ್ಲ. ಬರೆಯಲು ಉಳಿದದ್ದು ಕಪ್ಪು ಪರದೆಯ ಒಂದು ಎಡಿಟರ್. ಅದರಲ್ಲಿ ಮೆನು ಇಲ್ಲ, ಚಿತ್ರ ಇಲ್ಲ. ಏನು ಬೇಕಿದ್ದರೂ ಕಮಾಂಡ್ ಬರೆದು ಕೇಳಬೇಕು. ಮೊದಲ ದಿನ ಒಳಗೆ ಹೋದ ನಾನು ಹೊರಬರುವ ದಾರಿ ತಿಳಿಯದೆ ಮೇನ್ ಸ್ವಿಚ್ ಆರಿಸಿ ಬಸ್ ಹಿಡಿದಿದ್ದೆ.

ಆ ವರ್ಷ ಕಾಲೇಜಿನ ಪರಿಶೀಲನೆಗೆ ಹೊರಗಿನಿಂದ ಒಂದು ಸಮಿತಿ ಬರುವುದೆಂದು ಗೊತ್ತಾಯಿತು. ಸಮಿತಿಯ ಕೈಗೊಂದು ಇಂಗ್ಲಿಷ್ ವರದಿ ಕೊಡಬೇಕು. ವರದಿ ಕೆಟ್ಟರೆ ವಿಜ್ಞಾನ ವಿಭಾಗಕ್ಕೆ ಬೀಗ ಬೀಳಬಹುದು. ಬೀಗ ಬಿದ್ದರೆ ಅಟ್ಟದ ಮೇಲಿನ ಛತ್ರಿಯನ್ನು ಕೇಳುವವರಾರು? ವರದಿ ಬರೆಯುವ ಹೊಣೆಯನ್ನು ಪ್ರಿನ್ಸಿಪಾಲರು ಇಬ್ಬರು ಹಿರಿಯರಿಗೆ ವಹಿಸಿದರು. ಭೌತಶಾಸ್ತ್ರದ ಪಾಟೀಲ ಸರ್, ಗಣಿತದ ಚೌಗುಲೆ ಸರ್. ಇಡೀ ಕಾಲೇಜಿನಲ್ಲಿ ಪರಸ್ಪರ ಮಾತಾಡದವರು ಅವರಿಬ್ಬರೇ.

ಪಾಟೀಲ ಸರ್ ಮೂಡಲಗಿಯವರು. ಎತ್ತರದ ಆಳು, ಅದಕ್ಕಿಂತ ಎತ್ತರದ ದನಿ. ಚೌಗುಲೆ ಸರ್ ಗೋಕಾಕದ ಹಳೆಯ ಜೈನ ಮನೆತನದವರು. ತೆಳ್ಳಗಿನ ಮನುಷ್ಯ, ಸಿಟ್ಟು ಬಂದಾಗ ಮಾತ್ರ ಮರಾಠಿ. ಹೊತ್ತು ಮುಳುಗುವುದರೊಳಗೆ ಊಟವಾಗಬೇಕೆಂದು ಸಂಜೆ ಬೇಗ ಮನೆಗೆ ಹೊರಡುವವರು. ಇಬ್ಬರ ಮಾತು ನಿಂತದ್ದು ಗ್ಯಾದರಿಂಗಿನ ಆಮಂತ್ರಣ ಪತ್ರಿಕೆಯಿಂದ. ನಮ್ಮ ಕಡೆ ಕಾಲೇಜಿನ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎನ್ನುತ್ತಾರೆ. ಒಂದು ವರ್ಷ ಪಾಟೀಲರ ಹೆಸರು ಮೇಲೆ ಬಂತು, ಚೌಗುಲೆಯವರು ಮುನಿದರು. ಮರುವರ್ಷ ಅದಲುಬದಲಾಯಿತು, ಪಾಟೀಲರು ಮುನಿದರು. ಮುಂದಿನ ಸಲ ಪ್ರಿನ್ಸಿಪಾಲರು ಉಪಾಯ ಮಾಡಿ ಎರಡೂ ಹೆಸರನ್ನು ಅಕ್ಕಪಕ್ಕ ಹಾಕಿಸಿದರು. ಎಡಕ್ಕಿದ್ದವರು ಮೊದಲೋ ಬಲಕ್ಕಿದ್ದವರೋ ಎಂಬ ಪ್ರಶ್ನೆ ಎದ್ದು ಇಬ್ಬರೂ ಒಟ್ಟಿಗೆ ಮುನಿದರು.

“ಇಬ್ರೂ ಕೂಡಿ ಒಂದ ಫೈಲಿನ್ಯಾಗ ಬರೀರಿ,” ಎಂದರು ಪ್ರಿನ್ಸಿಪಾಲರು. “ಬ್ಯಾರೆ ಬ್ಯಾರೆ ತಂದ್ರ ನಾ ಸಹಿ ಮಾಡಂಗಿಲ್ಲ.”

ಪ್ರಿಂಟರ್ ಹತ್ತಿದ್ದ ಕಂಪ್ಯೂಟರ್ ಒಂದೇ. ಅದರ ಮುಂದೆ ಎರಡು ಕುರ್ಚಿ ಹಾಕಿ, ಫೈಲು ತೆರೆದು, ನಾನು ನನ್ನ ವಿದ್ಯೆ ಪ್ರದರ್ಶಿಸಿದೆ. ಪರದೆ ಉದ್ದಕ್ಕೆ ಸೀಳಿತು. ಎಡಗಡೆಯ ಕಿಟಕಿಯಲ್ಲಿ ಭೌತಶಾಸ್ತ್ರ, ಬಲಗಡೆಯದರಲ್ಲಿ ಗಣಿತ.

“ಖಿಡಕಿ ಎರಡು ಇದ್ರೂ ಫೈಲ್ ಒಂದ ಐತ್ರಿ ಸರ್. ಒಂದರಾಗ ತಿದ್ದಿದ್ರ ಎರಡರಾಗೂ ತಿದ್ದಿದಂಗ,” ಎಂದು ಸ್ಪಷ್ಟವಾಗಿ ಹೇಳಿದೆ. ಇಬ್ಬರೂ ತಲೆಯಾಡಿಸಿದರು. ದೊಡ್ಡವರು ತಲೆಯಾಡಿಸಿದರೆ ಕೇಳಿಸಿಕೊಂಡಿಲ್ಲ ಎಂದು ಅರ್ಥ.

ಕೀಲಿಮಣೆ ಒಂದೇ ಇದ್ದುದರಿಂದ ಸರದಿಯ ಮೇಲೆ ಬರೆಯತೊಡಗಿದರು. ಕಿಟಕಿಯನ್ನು ಅಗಲ ಮಾಡುವ ಕೀಲಿಗಳನ್ನು ಪಾಟೀಲ ಸರ್ ಹೇಗೋ ಕಂಡುಕೊಂಡರು. ತಮ್ಮ ಸರದಿ ಬಂದಾಗೆಲ್ಲ ಒಂದೆರಡು ಸಲ ಒತ್ತುವರು. ಗಣಿತ ವಿಭಾಗ ದಿನದಿನಕ್ಕೆ ಸೊರಗಿ, ಒಂದು ಸಾಲಿಗೆ ಎರಡೇ ಶಬ್ದ ಹಿಡಿಯುವಂತಾಯಿತು.

“ನನ್ನ ಖಿಡಕಿ ಸಣ್ಣದಾಗೈತ್ರಿ ಮೇಡಂ,” ಎಂದರು ಚೌಗುಲೆ ಸರ್.

“ಫಿಜಿಕ್ಸಿನ ಸಾಲು ಉದ್ದ ಇರತಾವ ಅಂತ ಅವರಿಗೆ ಹೇಳವಾ ತಂಗಿ,” ಎಂದರು ಪಾಟೀಲ ಸರ್.

“ಸಮ ಅಂದ್ರ ಸಮ ಅಂತ ಅವರಿಗೂ ಹೇಳ್ರಿ.”

ಇಬ್ಬರ ಮೊಣಕೈಗಳ ನಡುವೆ ಒಂದು ಗೇಣು ಜಾಗವಿರಲಿಲ್ಲ. ಮಾತು ಮಾತ್ರ ಹಿಂದೆ ನಿಂತಿದ್ದ ನನ್ನ ಮೇಲೆ ಹಾಯ್ದೇ ಹೋಗಬೇಕು. ಮರುದಿನ ಚೌಗುಲೆ ಸರ್ ಕಂಪಾಸು ಪೆಟ್ಟಿಗೆಯಿಂದ ಸ್ಕೇಲು ತಂದು ಪರದೆಯನ್ನು ಅಳೆದರು. ಎಲ್ಲ ಕಿಟಕಿಗಳನ್ನು ಸಮ ಮಾಡುವ ಕಮಾಂಡ್ ಕಲಿಸಿಕೊಟ್ಟೆ. ಅದನ್ನು ಕಲಿತವರು, ನಾನು ಗೋಡೆಗೆ ಅಂಟಿಸಿದ್ದ ಕಮಾಂಡುಗಳ ಹಾಳೆಯಲ್ಲಿ ಇನ್ನೊಂದನ್ನೂ ಕಂಡರು. ‘ಓನ್ಲಿ’. ನಾವಿರುವ ಕಿಟಕಿಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಮುಚ್ಚುವ ಕಮಾಂಡ್. ಕಾಲೇಜು ರಾಜಕೀಯಕ್ಕೆಂದೇ ಯಾರೋ ರಚಿಸಿದಂತಿದೆ. ಚೌಗುಲೆ ಸರ್ ಅದನ್ನು ಬರೆದು ಎಂಟರ್ ಒತ್ತಿದರು. ಎಡಗಡೆ ಮಾಯವಾಗಿ ಗಣಿತವೊಂದೇ ಪರದೆ ತುಂಬ ನಿಂತಿತು.

ಪಾಟೀಲ ಸರ್ ಕುರ್ಚಿಯಿಂದೆದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ನೇರ ಪ್ರಿನ್ಸಿಪಾಲರ ಕೋಣೆಗೆ ಹೋದರು. “ನಾ ಕಟ್ಟಿದ ಡಿಪಾರ್ಟ್‌ಮೆಂಟ್ ಒಂದ ಕಮಾಂಡಿನ್ಯಾಗ ಮುಚ್ಚಿಬಿಟ್ಟಾರ್ರಿ ಸರ್!” ಎಂಬ ಕೂಗು ಆಚೆ ಗ್ರಂಥಾಲಯಕ್ಕೂ ಕೇಳಿತು. ಗ್ರಂಥಾಲಯದಿಂದ ಅದು ಕ್ಯಾಂಟೀನಿಗೆ ಹೋಗಿ, ಭೌತಶಾಸ್ತ್ರ ವಿಭಾಗವನ್ನು ಸರಕಾರ ಮುಚ್ಚಿದೆಯೆಂಬ ಸುದ್ದಿಯಾಗಿ ಮರಳಿ ಬಂತು.

ವಿಚಾರಣಾ ಸಮಿತಿ ನೇಮಕವಾಯಿತು. ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲದವರನ್ನೇ ಹುಡುಕಿ ಸದಸ್ಯರನ್ನಾಗಿ ಮಾಡಿದ್ದರು, ನಿಷ್ಪಕ್ಷಪಾತವಾಗಿರಲೆಂದು. ನನ್ನನ್ನು ಸಾಕ್ಷಿಯಾಗಿ ಕರೆದರು.

“ಖಿಡಕಿ ಮುಚ್ಚಿದವರು ಯಾರ್ರಿ?”

“ಚೌಗುಲೆ ಸರ್ ರಿ. ಆದ್ರ ಬರದಿದ್ದೇನೂ ಹೋಗಿಲ್ರಿ. ಖಿಡಕಿ ಮುಚ್ಚಿದ್ರ ಹೊರಗಿನ ಹೊಲ ಎಲ್ಲಿ ಹೋಗತೈತ್ರಿ?”

ಮತ್ತೆ ಪರದೆ ಸೀಳಿ ತೋರಿಸಿದೆ. ಪಾಟೀಲರ ಬರಹ ಒಂದಕ್ಷರವೂ ಮುಕ್ಕಾಗದೆ ಅಲ್ಲೇ ಇತ್ತು. ಸಮಿತಿಗೆ ಸ್ವಲ್ಪ ನಿರಾಸೆಯಾಯಿತು. ಬರಿಗೈಲಿ ಏಳಬಾರದೆಂದು, ಇನ್ನು ಮುಂದೆ ಕಾಲೇಜಿನಲ್ಲಿ ಲಿಖಿತ ಅನುಮತಿಯಿಲ್ಲದೆ ಯಾವುದೇ ಕಿಟಕಿಯನ್ನು ತೆರೆಯುವುದಾಗಲಿ ಮುಚ್ಚುವುದಾಗಲಿ ಕೂಡದು ಎಂದು ಸೂಚನಾ ಫಲಕಕ್ಕೆ ಹಚ್ಚಿಸಿದರು. ಮರುದಿನ ಜವಾನ ಬಸಪ್ಪ ತರಗತಿಗಳ ಕಿಟಕಿಗಳನ್ನು ತೆರೆಯಲಿಲ್ಲ. ಲಿಖಿತ ಅನುಮತಿ ಬರುವವರೆಗೆ ವಿದ್ಯಾರ್ಥಿಗಳು ಕತ್ತಲೆಯಲ್ಲಿ ಬೆವರುತ್ತ ಕೂತರು.

ಕಿಟಕಿಗೆ ನಿಷೇಧವಾಯಿತು. ಪುಣ್ಯಕ್ಕೆ ನಮ್ಮ ಎಡಿಟರಿನ ಹೊಸ ಆವೃತ್ತಿಯಲ್ಲಿ ಟ್ಯಾಬ್ ಪುಟಗಳೆಂಬ ಅನುಕೂಲ ಬಂದಿತ್ತು, ಆ ಶಬ್ದ ಸಮಿತಿಗೆ ಗೊತ್ತಿರಲಿಲ್ಲ. ಅದೇ ಫೈಲನ್ನು ಎರಡು ಟ್ಯಾಬಿನಲ್ಲಿ ತೆರೆದೆ. ಪರದೆಯ ಮೇಲ್ತುದಿಯಲ್ಲಿ ಎರಡು ಪಟ್ಟಿ ಕಾಣುತ್ತವೆ. ‘ಜಿ’ ಮತ್ತು ‘ಟಿ’ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಈಗ ಯಾರಿಗೂ ಯಾರ ಮುಖವೂ ಕಾಣದು, ಬರಹವೂ ಕಾಣದು. ಬೆಳಗಿನ ಪಾಳಿ ಚೌಗುಲೆ ಸರ್‌ಗೆ, ಮಧ್ಯಾಹ್ನದ ಮೇಲೆ ಪಾಟೀಲ ಸರ್‌ಗೆ. ಕಾಲೇಜಿನಲ್ಲಿ ಶಾಂತಿ ನೆಲೆಸಿತು.

ಶಾಂತಿ ಅಷ್ಟು ಸುಲಭಕ್ಕೆ ನೆಲೆಸಿದರೆ ಅನುಮಾನ ಪಡಬೇಕು. ಒಂದು ಬೆಳಿಗ್ಗೆ ಲ್ಯಾಬಿಗೆ ಹೋದಾಗ ಚೌಗುಲೆ ಸರ್ ತಮ್ಮ ಟ್ಯಾಬಿನಲ್ಲೇ ಕೂತು, ಫೈಲಿನ ಮೇಲ್ಭಾಗಕ್ಕೆ ಏರಿ, ಭೌತಶಾಸ್ತ್ರದ ಸಾಲುಗಳ ನಡುವೆ ತಿರುಗಾಡುತ್ತಿದ್ದರು. ‘ಸುಸಜ್ಜಿತ ಪ್ರಯೋಗಾಲಯ’ ಎಂದಿದ್ದಲ್ಲಿ ಸುಸಜ್ಜಿತ ಹೋಯಿತು. “ಖರೆ ಹೇಳ್ರಿ ಮೇಡಂ, ಅಲ್ಲಿ ಒಂದ ಸ್ಪೆಕ್ಟ್ರೋಮೀಟರ್ ಬಿಟ್ರ ಯಾವದರ ನಡೀತೈತೇನು?” ಎನ್ನುತ್ತ ಅದನ್ನೂ ಬರೆದರು. ಮಧ್ಯಾಹ್ನ ಪಾಟೀಲ ಸರ್ ಗಣಿತದೊಳಗೆ ಇಳಿದರು. ‘ಅತ್ಯಂತ ಕ್ರಿಯಾಶೀಲ ಗಣಿತ ಸಂಘ’ ಎಂಬಲ್ಲಿ ಅತ್ಯಂತವೂ ಕ್ರಿಯಾಶೀಲವೂ ಬಿದ್ದುಹೋದವು. ‘ಗಣಿತ ಸಂಘವಿದೆ, ಸಭೆ ಸೇರಿಲ್ಲ’ ಎಂದಾಯಿತು. ಮರುದಿನ ಭೌತಶಾಸ್ತ್ರದ ‘ರಾಷ್ಟ್ರಮಟ್ಟದ ವಿಚಾರಸಂಕಿರಣ’ ಜೋರು ಮಳೆಯಲ್ಲಿ ಮೂಡಲಗಿಯವರಷ್ಟೇ ಬಂದ ಸಭೆಯಾಯಿತು. ತಮ್ಮದನ್ನು ಮತ್ತೆ ಓದಿ ನೋಡುವ ಬಿಡುವು ಯಾರಿಗೂ ಇರಲಿಲ್ಲ. ಇಬ್ಬರೂ ಇನ್ನೊಬ್ಬರ ಸುಳ್ಳು ಕಡಿಯುವುದರಲ್ಲಿ ಮಗ್ನರಾಗಿದ್ದರು.

ನನಗೆ ಹೆದರಿಕೆ ಹತ್ತಿತು. ಪ್ರಿನ್ಸಿಪಾಲರ ಬಳಿ ಹೋಗಿ, “ಸರ್, ವರದಿ ಒಮ್ಮೆ ಓದ್ರಿ. ಬಾಳ ಖರೆ ಆಗಾಕತ್ತೈತಿ,” ಅಂದೆ.

“ಇಬ್ರೂ ಜಗಳಾ ಬಿಟ್ಟು ಕೂತು ಬರ್ಯಾಕತ್ತಾರ. ಸುಮ್ನಿರ್ರಿ ಮೇಡಂ, ಎಬ್ಬಸಬ್ಯಾಡ್ರಿ,” ಎಂದವರು, ಪ್ರಿಂಟಾಗಿ ಬಂದ ವರದಿಗೆ ಓದದೆ ಸಹಿ ಹಾಕಿದರು.

ಹೊರಗಿನ ಸಮಿತಿ ಬಂದಿತು. ಮುಖ್ಯಸ್ಥೆ ಧಾರವಾಡದ ಒಬ್ಬ ನಿವೃತ್ತ ಪ್ರಾಧ್ಯಾಪಕಿ. ಸಭಾಂಗಣದಲ್ಲಿ ಎಲ್ಲರನ್ನೂ ಕೂರಿಸಿ, ಕನ್ನಡಕ ಏರಿಸಿ, ಇಂಗ್ಲಿಷ್ ವರದಿಯನ್ನು ಕನ್ನಡದಲ್ಲಿ ಹೇಳುತ್ತ ಓದತೊಡಗಿದರು. ಉಪಕರಣಗಳಲ್ಲಿ ಸ್ಪೆಕ್ಟ್ರೋಮೀಟರ್ ಒಂದೇ ಕೆಲಸ ಮಾಡುತ್ತದೆ. ಗಣಿತ ಸಂಘವಿದೆ, ಸಭೆ ಸೇರಿಲ್ಲ. ಪ್ರಿನ್ಸಿಪಾಲರ ಮುಖ ಸುಣ್ಣ ಬಳಿದಂತಾಯಿತು. ನಾನು ಮನಸ್ಸಿನಲ್ಲೇ ಅಟ್ಟದ ಏಣಿ ಹತ್ತತೊಡಗಿದ್ದೆ. ಅಷ್ಟರಲ್ಲಿ ಮುಖ್ಯಸ್ಥೆ ಪುಟ ತಿರುಗಿಸಿ ಓದಿದರು: “ಕಂಪ್ಯೂಟರ್ ಲ್ಯಾಬನ್ನು ಒಬ್ಬ ತಾತ್ಕಾಲಿಕ ಬೋಧಕಿ ನಡೆಸುತ್ತಾರೆ. ಅವರಿಗೆ ಕೆಲಸ ಬರುತ್ತದೆ.”

ಈ ಸಾಲನ್ನು ಇಬ್ಬರಲ್ಲಿ ಯಾರು ಬರೆದರೋ ನನಗೆ ಇಂದಿಗೂ ಗೊತ್ತಿಲ್ಲ. ಇನ್ನೊಬ್ಬರು ಅದನ್ನು ಕಡಿದಿರಲಿಲ್ಲ ಎಂಬುದಷ್ಟೇ ಗೊತ್ತು.

ಓದು ಮುಗಿಸಿ ಅವರು ಕನ್ನಡಕ ತೆಗೆದರು. “ಎಷ್ಟೋ ಕಾಲೇಜು ನೋಡೀವಿ. ಎಲ್ಲಾ ಕಡೆ ಎಲ್ಲಾ ಐತಿ ಅಂತ ಬರದಿರತಾರ. ಎಲ್ಲಾ ಐತಿ ಅಂದವರಿಗೆ ನಾವೇನ ಕೊಡಸೂದು? ಇದನ್ನ ಬರದವರು ಯಾರ್ರಿ?”

“ಅವರು,” ಎಂದು ಪಾಟೀಲ ಸರ್ ಚೌಗುಲೆಯವರ ಕಡೆಗೆ ಬೆರಳು ತೋರಿಸಿದರು. ಅದೇ ಗಳಿಗೆಯಲ್ಲಿ ಚೌಗುಲೆ ಸರ್ ಬೆರಳು ಪಾಟೀಲರ ಕಡೆಗಿತ್ತು. ತಪ್ಪು ಹೊರಿಸಲು ಎತ್ತಿದ ಬೆರಳುಗಳನ್ನು ಸಮಿತಿ ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮುಂದೆ ಎಷ್ಟೋ ದಿನ, ಪ್ರಾಮಾಣಿಕ ವರದಿಯ ಕಲ್ಪನೆ ತಮ್ಮದೇ ಎಂದು ಹೇಳಿಕೊಂಡು ತಿರುಗಿದರು. ಪ್ರಯೋಗಾಲಯಕ್ಕೆ ಹೊಸ ಉಪಕರಣ ಬಂದವು. ಆ ಬೇಸಿಗೆಯಲ್ಲಿ ನನ್ನನ್ನು ತೆಗೆಯಲಿಲ್ಲ.

ಇಬ್ಬರೂ ಆಮೇಲೂ ಮಾತಾಡಲಿಲ್ಲ. ಆದರೆ ಯಾವ ಬರಹವಿದ್ದರೂ ಪಾಟೀಲ ಸರ್ ಫೈಲನ್ನು ತೆರೆದಿಟ್ಟು, “ಅವರಿಗೆ ಇನ್ನೊಂದು ಟ್ಯಾಬ್ ತಗದ ಕೊಡವಾ,” ಎಂದು ಹೇಳಿ ಹೋಗುವರು. ಚೌಗುಲೆ ಸರ್ ಬರಹಕ್ಕೂ ಅದೇ ಗತಿ.

ಮುಂದೆ ಚೌಗುಲೆ ಸರ್ ನಿವೃತ್ತರಾದರು. ಬೀಳ್ಕೊಡುಗೆಯ ಭಾಷಣ ಹಿರಿತನದ ಲೆಕ್ಕದಲ್ಲಿ ಪಾಟೀಲರ ಪಾಲಿಗೆ ಬಂತು. ನಮ್ಮ ಎಡಿಟರಿಗೆ ಕನ್ನಡ ಬರುತ್ತಿರಲಿಲ್ಲವಾದ್ದರಿಂದ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆದರು: ಚೌಗುಲೆಯವರು ಗಣಿತಲೋಕದ ಧ್ರುವತಾರೆ, ಸಮಯಪಾಲನೆಯ ಮೂರ್ತಿ, ಸ್ನೇಹದ ಸಾಗರ, ನನ್ನ ಗೆಳೆಯರು. ಬರೆದು, ರೂಢಿಯಂತೆ ತೆರೆದಿಟ್ಟು ಹೋದರು. ನಾನೂ ರೂಢಿಯಂತೆ ಚೌಗುಲೆ ಸರ್‌ಗೆ ಇನ್ನೊಂದು ಟ್ಯಾಬ್ ತೆಗೆದುಕೊಟ್ಟೆ.

ಸಮಾರಂಭದಲ್ಲಿ ಪಾಟೀಲ ಸರ್ ಪ್ರಿಂಟಾದ ಹಾಳೆ ಬಿಡಿಸಿ ಓದಿದರು. “ಚೌಗುಲೆಯವರು ಗಣಿತ ಕಲಿಸಿದರು. ಹೊತ್ತಿಗೆ ಸರಿಯಾಗಿ ಬಂದರು.” ಅಲ್ಲಿ ತಡೆದರು. ಹಾಳೆಯಲ್ಲಿ ಉಳಿದದ್ದು ಒಂದೇ ಸಾಲು. “ನನ್ನ ಗೆಳೆಯರು.”

ಹಾರ ಹಾಕಿಕೊಂಡು ಕೂತಿದ್ದವರ ಕಡೆ ತಿರುಗಿ ಕೇಳಿದರು, “ಇದನ್ನ ಯಾಕ್ ಕಡೀಲಿಲ್ರಿ?”

“ಅದು ಖರೆ ಐತಲ್ರಿ,” ಎಂದರು ಚೌಗುಲೆ ಸರ್.

ಪಾಟೀಲ ಸರ್ ಹಾಳೆ ಮಡಚಿ, ಬಂದು ಅವರ ಪಕ್ಕದ ಕುರ್ಚಿಯಲ್ಲಿ ಕೂತರು. ಆಮೇಲೆ ಪ್ರಿನ್ಸಿಪಾಲರು ಮಾತಿಗೆ ನಿಂತರು. ಅವರ ಭಾಷಣಕ್ಕೆ ಯಾರ ಕತ್ತರಿಯೂ ತಾಗಿರಲಿಲ್ಲ. ಅದರಲ್ಲಿ ಸಾಗರವಿತ್ತು, ಧ್ರುವತಾರೆಯಿತ್ತು, ಕಲ್ಪವೃಕ್ಷವೂ ಸೇರಿತ್ತು. ಕಲ್ಪವೃಕ್ಷದ ಎರಡನೆಯ ಕೊಂಬೆಗೆ ಅವರು ಏರುತ್ತಿದ್ದಾಗ ಪಾಟೀಲ ಸರ್ ಬಾಜೂಕ್ಕೆ ಬಾಗಿ, “ಇದೂ ನಿಮ್ಮ ಕೈಯಾಗ ಸಿಗಬೇಕಾಗಿತ್ತು ನೋಡ್ರಿ,” ಎಂದು ಪಿಸುಗುಟ್ಟಿದ್ದು, ಮೈಕು ಹತ್ತಿರವೇ ಇದ್ದುದರಿಂದ, ಎಲ್ಲರಿಗೂ ಕೇಳಿಸಿತು.