ಪಾಂಡುರಂಗ ಮಾಸ್ತರರ ಬೇಸಿಗೆ ಲೆಕ್ಕ

ಪಾಂಡುರಂಗ ಮಾಸ್ತರರನ್ನು ಕಂಡರೆ ನನಗೆ ಆಗುವುದಿಲ್ಲ. ರಾಮದುರ್ಗದ ಸಾಲೆಯಲ್ಲಿ ಅವರಿಂದಲೇ ವಿಜ್ಞಾನ ಕಲಿತವನು ನಾನು, ಆದರೂ ಆಗುವುದಿಲ್ಲ. ತಮ್ಮಷ್ಟು ಕರಾರುವಾಕ್ಕಾದ ಮನುಷ್ಯ ಮಲಪ್ರಭೆಯ ಎರಡೂ ದಂಡೆಗೆ ಇಲ್ಲವೆಂಬ ಜಂಬ ಅವರದು. ೧೯೯೧ರಿಂದ ಬೇಸಿಗೆಯುದ್ದಕ್ಕೂ ದಿನಾ ಮಧ್ಯಾಹ್ನ ಹಿತ್ತಲಿನ ನೆರಳಲ್ಲಿ ತೂಗುಹಾಕಿದ ಉಷ್ಣಮಾಪಕ ನೋಡಿ ವಹಿಯಲ್ಲಿ ಬರೆಯುತ್ತಿದ್ದರು. ಹೆಂಡತಿ ರಾಧಾಬಾಯಿ ಊಟಕ್ಕೆ ಕರೆದು ಕರೆದು ಸಾಕಾಗಿ ತಾನೇ ಉಂಡು ಮಲಗುತ್ತಿದ್ದಳು.

ಅವರದು ಯುಗಾದಿ ಪಾಡ್ಯದಂದು ಊರಿಗೆ ಪಂಚಾಂಗ ಓದುವ ಮನೆತನ. ಹೀಗಾಗಿ ವಹಿಯ ಹೊಸ ಪುಟವನ್ನೂ ಪಾಡ್ಯಕ್ಕೇ ತೆರೆಯಬೇಕು. ಆ ದಿನದಿಂದ ಮೇ ಕೊನೆಗೆ ರೋಹಿಣಿ ಮಳೆ ಹುಟ್ಟುವವರೆಗೆ ಬರೆದದ್ದನ್ನೆಲ್ಲ ಕೂಡಿಸಿ, ಸರಾಸರಿ ತೆಗೆದು, ಇದೇ ಈ ವರ್ಷದ ಬೇಸಿಗೆ ಎನ್ನುವರು.

ನಾನು ಆಗ ತೊರಗಲ್ ಹಾದಿಯಲ್ಲಿ ಜಲ್ಲಿ ತಯಾರಿಸುವ ಖಡಿ ಮಷಿನ್ನಿನಲ್ಲಿ ಗುಮಾಸ್ತ. ಅಲ್ಲಿ ಕಲ್ಲು ಒಡೆಯುವ ಹೆಂಗಸರಿಗೆ ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ಬಿಡುವು ಇತ್ತು. ಸೋಮವ್ವ ಎಂಬಾಕೆ ಮುಂದೆ ನಿಂತು ಜಗಳಾಡಿ ಪಡೆದದ್ದು ಅದು. ಮಾಲೀಕ ಮಹಾಂತಪ್ಪನಿಗೆ ಆ ಬಿಡುವು ಕಣ್ಣು ಚುಚ್ಚುತ್ತಿತ್ತು. ೨೦೦೮ರ ಫೆಬ್ರುವರಿಯಲ್ಲಿ ಆತ ಮಾಸ್ತರರ ಮನೆಗೆ ಹೋಗಿ, ವಹಿಯನ್ನು ತಿರುವಿ ಹಾಕಿ, ಬಾಯ್ತುಂಬ ಹೊಗಳಿ, ೨೦೦೨ರಿಂದ ಈಚಿನ ಬೇಸಿಗೆಗಳನ್ನಷ್ಟೇ ಬರೆದುಕೊಡಿ ಎಂದ. ವಹಿಯಲ್ಲಿ ಎಲ್ಲಕ್ಕಿಂತ ಹೆಚ್ಚಿನ ಸರಾಸರಿ ಆ ವರ್ಷದ್ದು. ಅಲ್ಲಿಂದಲೇ ಯಾಕೆ ಎಂದು ಮಾಸ್ತರರು ಕೇಳಲಿಲ್ಲ, ಹೊಗಳಿಕೆಗೆ ಉಬ್ಬಿಹೋಗಿದ್ದರು. ೨೦೦೨ಕ್ಕಿಂತ ೨೦೦೭ರ ಬೇಸಿಗೆ ಒಂದೂವರೆ ಡಿಗ್ರಿ ತಂಪು ಎಂದು ಬರೆದು ಸಹಿ ಹಾಕಿಕೊಟ್ಟರು. ಮಾಸ್ತರರ ಲೆಕ್ಕದಂತೆ ಬಿಸಿಲು ಇಳಿದಿದೆ, ಬಿಡುವು ರದ್ದು ಎಂಬ ನೋಟೀಸು ಬರೆದವನು ನಾನು.

ಸೋಮವ್ವ ನೇರ ಮಾಸ್ತರರ ಕಟ್ಟೆಗೆ ಹೋದಳು. ನಾನೂ ಹಿಂದೆ ಹೋದೆ. ಈ ತಂಪು ಎಲ್ಲಿಂದ ಬಂತು ಎಂದು ಕೇಳಿದಳು. ಮಾಸ್ತರರು ವಹಿ ತೋರಿಸಿ, ಪಾಡ್ಯದಿಂದ ಒಂದು ದಿನವೂ ಬಿಟ್ಟಿಲ್ಲ ಎಂದರು.

"ಯಾವ ಪಾಡ್ಯಾರಿ ಮಾಸ್ತರ? ಹ್ವಾದ ವರ್ಷ ಪಾಡ್ಯಾದಾಗ ಬಿಸಲ ಇನ್ನೂ ಬಲತಿದ್ದಿಲ್ಲ. ನನ್ನ ಮಗಳ ಮದಿವಿ ಆದ ವರ್ಷ ಪಾಡ್ಯಾದಾಗ ಅಂಗಾಲ ಸುಡತಿದ್ವು," ಎಂದಳು ಸೋಮವ್ವ.

ಮಗಳ ಮದುವೆ ಆದದ್ದು ೨೦೦೨ರಲ್ಲಿ. ಮಾಸ್ತರರು ಆ ಎರಡೂ ವರ್ಷದ ಪುಟ ತಿರುವಿ ನೋಡಿದರು. ಆ ವರ್ಷದ ಪಾಡ್ಯ ಏಪ್ರಿಲ್ ಹದಿಮೂರಕ್ಕೆ, ೨೦೦೭ರದು ಮಾರ್ಚ್ ಇಪ್ಪತ್ತಕ್ಕೆ. ಮಾರ್ಚಿನ ಎಳೆ ಬಿಸಿಲೂ ಸೇರಿಕೊಂಡು ಸರಾಸರಿಯನ್ನು ಇಳಿಸಿತ್ತು. ಪಾಡ್ಯವನ್ನು ಹಿಂದೆ ಮುಂದೆ ಸರಿಸುವ ಅಧಿಕ ಮಾಸದ ಲೆಕ್ಕ ಬಾಯಿಪಾಠವಿದ್ದ ಮನುಷ್ಯನಿಗೆ ಇಷ್ಟು ಹೊಳೆದಿರಲಿಲ್ಲ. ಅಲ್ಲೇ ಕುಳಿತು ಎಲ್ಲ ವರ್ಷವನ್ನೂ ಏಪ್ರಿಲ್ ಹದಿಮೂರರಿಂದಲೇ ಕೂಡಿಸಿದರು. ತಂಪು ಮಾಯವಾಗಿ ಅರ್ಧ ಡಿಗ್ರಿ ಏರಿಕೆ ಕಂಡಿತು. ೧೯೯೧ರಿಂದ ನೋಡಿದರೆ ಇನ್ನೂ ಹೆಚ್ಚು.

ಮರುದಿನ ಹೊಸ ಕಾಗದ ಹಿಡಿದು ಮಷಿನ್ನಿಗೆ ಬಂದರು. ಮಹಾಂತಪ್ಪ ಸಿಟ್ಟಾಗಲಿಲ್ಲ. ಕುರ್ಚಿ ಹಾಕಿಸಿ, ಚಹಾ ತರಿಸಿದ.

"ಲೆಕ್ಕಾ ನಿಮ್ದು, ಸಹಿ ನಿಮ್ದು. ಈಗ ತಾರೀಖ ಬದಲಿ ಮಾಡಿಕೊಂಡ ಬಂದ್ರ ನಾ ಯಾವದನ್ನ ಖರೇ ಅನ್ಲಿರಿ? ಊರ ಮುಂದ ನಿಂತು ತಪ್ಪಿದೆ ಅಂತ ಹೇಳ್ತೀರೇನು?"

ಹೇಳಬಹುದಿತ್ತು. ಹೆಂಗಸರು ಅಂಗಳದಲ್ಲೇ ಇದ್ದರು. ಮಾಸ್ತರರು ಕಾಗದವನ್ನು ಮಡಚಿ ಜೇಬಿಗಿಟ್ಟು, ಚಹಾ ಕುಡಿದು ಹೋದರು. ಸೋಮವ್ವ ನಿಜವನ್ನು ಎಲ್ಲರಿಗೂ ಹೇಳಿದಳು, ಆದರೆ ಅವಳ ಮಾತಿಗೆ ಸಹಿ ಇರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ನಡುಮಧ್ಯಾಹ್ನ ಅವಳು ಕಲ್ಲಿನ ರಾಶಿಯ ಮೇಲೆ ಕುಸಿದಳು. ನೆರಳಿಗೆ ಎತ್ತಿ ತಂದೆವು. ಕಣ್ಣು ಬಿಟ್ಟವಳು ನೀರು ಕೇಳಲಿಲ್ಲ, ಆ ನೋಟೀಸು ಹರಿದು ಹಾಕು ಎಂದಳು. ನಾನು ಹರಿಯಲಿಲ್ಲ. ನನಗೆ ನೌಕರಿ ಬೇಕಿತ್ತು.