ಕಳಾವರ್ ಒಂಬತ್ತು

ಗಲ್ಫಿನಲ್ಲಿ, ಹಮ್ದಾನ್ ಸ್ಟ್ರೀಟಿನ ಆ ಕೋಣೆಯಲ್ಲಿ ಆರು ಜನ, ಮೂರು ಡಬಲ್ ಮಂಚ. ಮೇಲಿನ ಮಂಚದಲ್ಲಿ ಕುಂದಾಪುರದವನು, ಕೆಳಗೆ ಮಂಗಳೂರಿನ ನಾನು. ಇಬ್ಬರೂ ಒಂದೇ ಹೋಟೆಲಿನ ಲಾಂಡ್ರಿಯಲ್ಲಿ ಬೆಡ್‌ಶೀಟ್ ಇಸ್ತ್ರಿ ಮಾಡುತ್ತಿದ್ದೆವು. ನಮ್ಮ ಪಾಸ್‌ಪೋರ್ಟುಗಳು ಹೋಟೆಲ್ ಆಫೀಸಿನ ಕಪಾಟಿನಲ್ಲಿ, ಬೀಗ ಹಾಕಿ. ಎರಡು ವರ್ಷವಾಗಿತ್ತು ಊರು ಕಾಣದೆ.

ಆ ಡಿಸೆಂಬರಿನಲ್ಲಿ ಸೂಪರ್‌ವೈಸರ್ ನಮ್ಮಿಬ್ಬರಲ್ಲಿ ಒಬ್ಬನಿಗೆ ಮಾತ್ರ ರಜೆ ಎಂದ. ಇನ್ನೊಬ್ಬ ಜೂನಿಗೆ ಹೋಗಲಿ, ಯಾರೆಂದು ನೀವೇ ತೀರ್ಮಾನಿಸಿ, ಖಲಾಸ್. ನನಗೆ ಮಗಳು ಹುಟ್ಟಿ ಒಂದೂವರೆ ವರ್ಷ, ಫೋನಿನಲ್ಲಷ್ಟೇ ನೋಡಿದ್ದೆ. ಅವನ ಅಮ್ಮನಿಗೆ ಮರೆವು ಶುರುವಾಗಿತ್ತು. ಮಗನ ದನಿ ಇನ್ನೂ ಗುರುತು ಸಿಗುತ್ತಿತ್ತು. ನಾಲ್ಕು ದಿನ ವಾದಿಸಿದೆವು. ಐದನೆಯ ದಿನ ಮಾತೇ ಬಿಟ್ಟೆವು. ಒಂದೇ ಮಂಚದಲ್ಲಿ ಮೇಲೆ ಕೆಳಗೆ ಮಲಗಿ ಮಾತು ಬಿಡುವುದೆಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು.

ಶುಕ್ರವಾರ ಊಟವಾದ ಮೇಲೆ ಕಾರವಾರದ ರೂಮ್‌ಮೇಟ್ ಇಸ್ಪೀಟ್ ಕಟ್ಟು ತೆಗೆದ. ಮೊದಲು ಗೋವಾದ ಕ್ಯಾಸಿನೊ ಬೋಟಿನಲ್ಲಿ ಎಲೆ ಹಂಚುತ್ತಿದ್ದವನು. ಒಂದೇ ಕೈ ಪೋಕರ್, ಬೇಡದ ಎಲೆ ಒಮ್ಮೆ ಬದಲಿಸಬಹುದು, ಗೆದ್ದವನು ಊರಿಗೆ ಎಂದ. ಕುಂದಾಪುರದವನ ಸೂಟ್‌ಕೇಸೇ ಮೇಜಾಯಿತು. ಅದರಲ್ಲಿ ಅಮ್ಮನಿಗೆಂದು ಪೌಡರು, ನೋವಿನ ಎಣ್ಣೆ, ಮೆತ್ತನೆಯ ಚಪ್ಪಲಿ ಆಗಲೇ ತುಂಬಿಸಿಟ್ಟಿದ್ದ.

ಐದೈದು ಎಲೆ. ಹಂಚುವಾಗ ಕುಂದಾಪುರದವನ ಒಂದು ಎಲೆಯ ತುದಿ ಎದ್ದಿತು. ಕಳಾವರ್ ಒಂಬತ್ತು. ನನಗೊಬ್ಬನಿಗೇ ಕಂಡಿತು.

ನನ್ನ ಕೈಯಲ್ಲಿ ಎರಡು ಒಂಬತ್ತು, ಒಂದು ಇಸ್ಪೀಟ್, ಇನ್ನೊಂದು ಆಟೀನ್, ಕೆಂಪು ಹೃದಯದ ಎಲೆ. ಜೊತೆಗೆ ಇನ್ನೂ ಮೂರು ಆಟೀನ್. ಒಂಬತ್ತುಗಳನ್ನು ಹಿಡಿದುಕೊಂಡು ಮೂರನೆಯದಕ್ಕೆ ಕಾಯಬೇಕೆಂದಿದ್ದೆ. ಆದರೆ ಉಳಿದ ಎರಡು ಒಂಬತ್ತರಲ್ಲಿ ಒಂದು ಅವನ ಕೈಯಲ್ಲೇ ಇದೆ! ಆಟೀನಾದರೆ ಕಾಣದ ನಲವತ್ತಾರು ಎಲೆಗಳಲ್ಲಿ ಇನ್ನೂ ಒಂಬತ್ತು ಎಲೆ ಉಳಿದಿವೆ. ಐದಕ್ಕೆ ಒಂದರಷ್ಟು ಆಸೆ. ಐದೂ ಆಟೀನಾದರೆ ಜೋಡಿ ಹಿಡಿದವನು ನನ್ನ ಮುಂದೆ ನಿಲ್ಲಲಾರ.

ಎಲೆ ಬದಲಿಸುವ ಮೊದಲು ಕಾರವಾರದವನು ಕೇಳಿದ: "ಯಾರಿಗಾದ್ರೂ ಎಲೆ ಕಂಡಿತಾ? ನಮ್ಮ ಬೋಟಲ್ಲಿ ಒಬ್ಬನಿಗೆ ಕಂಡದ್ದನ್ನ ಎಲ್ಲರಿಗೂ ತೋರಿಸ್ತಿದ್ವಿ."

ಇಲ್ಲ ಎಂದು ತಲೆಯಾಡಿಸಿದೆ. ಎಷ್ಟು ಸಲೀಸಾಗಿ ಆಡಿತು ಆ ತಲೆ! ಇಸ್ಪೀಟ್ ಒಂಬತ್ತನ್ನು ಬಿಸಾಡಿ ಒಂದು ಎಲೆ ತೆಗೆದೆ. ಬಂದದ್ದು ಆಟೀನ್ ನಾಲ್ಕು, ಐದೂ ಆಟೀನಾಯಿತು. ಕುಂದಾಪುರದವನು ಎರಡು ರಾಜ ಇಳಿಸಿದ. ಜೋಡಿ ಒಂಬತ್ತನ್ನೇ ನಂಬಿದ್ದರೆ ಬಹುಶಃ ಸೋಲುತ್ತಿದ್ದೆ. ಅವನು ಸೂಟ್‌ಕೇಸಿನಿಂದ ಪೌಡರು, ಎಣ್ಣೆ, ಚಪ್ಪಲಿ ತೆಗೆದು ನನ್ನ ಮಂಚದ ಮೇಲಿಟ್ಟ, ಅಮ್ಮನಿಗೆ ಮುಟ್ಟಿಸು ಎಂದ.

ಊರಿಗೆ ಹೋದೆ. ಮಗಳು ಮೂರನೆಯ ದಿನ ಹತ್ತಿರ ಬಂದಳು. ಕುಂದಾಪುರಕ್ಕೆ ಮಾತ್ರ ಹೋಗಲಾಗಲಿಲ್ಲ. ಅವನ ಅಮ್ಮನ ಮುಖ ನೋಡುವ ಧೈರ್ಯ ಎಲ್ಲಿಂದ ತರಲಿ? ಗಂಟನ್ನು ಯಾರದೋ ಕೈಯಲ್ಲಿ ಕಳಿಸಿದೆ.

ಜೂನಿನಲ್ಲಿ ಅವನು ಹೋಗಿ ಬಂದ. ಚೀಲ ಇಳಿಸಿ, ನನ್ನ ಮಂಚದ ತುದಿಯಲ್ಲೇ ಕುಳಿತ.

"ಅಮ್ಮ ನನ್ನನ್ನ ಚಾವಡಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಟ್ಳು ಮಾರಾಯ. ಬಂದ ನೆಂಟರಿಗೆ ಕೊಡ್ತಾರಲ್ಲ, ಹಾಗೆ. ಯಾರ ಮನೆಯವರು ಅಂತ ಕೇಳಿದ್ಳು."

"ಜನವರಿ ತನಕ ದಿನಾ ನನ್ನ ಹೆಸರು ಹೇಳ್ತಿದ್ಳಂತೆ, ಅಕ್ಕ ಹೇಳಿದ್ಳು" ಎಂದ. ಆಮೇಲೆ ಎದ್ದು ಮೇಲೆ ಹತ್ತಿದ.

ಕಂಡ ಎಲೆಯ ವಿಷಯ ಹೇಳಿಬಿಡೋಣವೆಂದುಕೊಂಡೆ, ಹೇಳಲಿಲ್ಲ. ಕಾಂಟ್ರಾಕ್ಟ್ ಇನ್ನೂ ಹದಿನಾಲ್ಕು ತಿಂಗಳಿತ್ತು. ಅಷ್ಟೂ ತಿಂಗಳು ಅವನು ಮಗ್ಗಲು ಬದಲಿಸಿದಾಗಲೆಲ್ಲ ನನಗೆ ಎಚ್ಚರವಾಗುತ್ತಿತ್ತು.