ಅವ್ವ ತಿರುಗಿ ಬಾರದ ಸಾಲು

ಅವ್ವ ಸತ್ತಾಗ ನನ್ನನ್ನು ಧಾರವಾಡಕ್ಕೆ ಕಳಿಸಲಿಲ್ಲ. ನಾಲ್ಕು ತಿಂಗಳ ಬಸುರಿ ಸಾವಿನ ಮನೆಗೆ ಹೋಗಬಾರದೆಂದು ಅತ್ತೆ ಪಟ್ಟು ಹಿಡಿದರು. ಆಗಿನ್ನೂ ಧಾರವಾಡ ಮುಂಬಯಿ ರಾಜ್ಯದೊಳಗೇ ಇತ್ತು. ರಾಜ್ಯ ಒಂದೇ ಆಗಿ ನನಗೆ ಬಂದ ಭಾಗ್ಯವೇನು? ಮುಂಬಯಿಯ ವಡಾಲದ ಚಾಳಿನ ಗ್ಯಾಲರಿಯಲ್ಲಿ ನಿಂತು, ಹೋಗಿಬರುವ ಲೋಕಲ್ ಗಾಡಿಗಳನ್ನು ನೋಡುತ್ತ ಅತ್ತಿದ್ದಷ್ಟೇ.

ತಿಂಗಳಾದ ಮೇಲೆ ಅಣ್ಣ ಒಂದು ಗಂಟು ತಂದುಕೊಟ್ಟ. ಒಳಗೆ ಹಸಿರು ಇಳಕಲ್ ಸೀರೆ. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ತವರಿನವರು ಉಡಿಸಬೇಕಾದ ಸೀರೆ ಅದು. ಅದರ ಸೆರಗಿಗೆ ಅವ್ವ ಕಸೂತಿ ಹಾಕುತ್ತಿದ್ದಳಂತೆ. ಸೂಜಿ ಬಟ್ಟೆಗೆ ಚುಚ್ಚಿದ ಹಾಗೇ ಇತ್ತು.

ನಮ್ಮ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವಂತಿಲ್ಲ. ಬಟ್ಟೆಯ ಎಳೆ ಎಣಿಸಿ, ಒಂದು ಹೊಲಿಗೆ ಮೇಲೆ, ಒಂದು ಕೆಳಗೆ, ಹೀಗೆ ಸಾಲಿನ ಕೊನೆಯವರೆಗೆ ಹೋಗಬೇಕು. ಆಮೇಲೆ ಅದೇ ದಾರಿಯಲ್ಲಿ ತಿರುಗಿ ಬರುತ್ತ, ಬಿಟ್ಟ ಸಂದುಗಳನ್ನು ತುಂಬಬೇಕು. ಆಗ ಬಟ್ಟೆಯ ಎರಡೂ ಮಗ್ಗುಲು ಒಂದೇ ತರಹ ಕಾಣುತ್ತವೆ. ಅವ್ವ ಗೋಪುರಗಳ ಒಂದು ಸಾಲನ್ನು ಕೊನೆಯವರೆಗೂ ಹಾಕಿದ್ದಳು. ತಿರುಗಿ ಬಂದಿರಲಿಲ್ಲ.

ಬಂದರಿನಲ್ಲಿ ಕಾರಕೂನರಾಗಿದ್ದ ನನ್ನ ಗಂಡ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದರು, "ಮಾಟುಂಗಾದಾಗ ಒಬ್ಬಾಕಿ ಭಾಳ ಛಲೋ ಹಾಕ್ತಾಳಂತ. ಕೊಟ್ಟು ಮುಗಿಸೋಣೇನು?"

"ಯಾರರೆ ಅದನ್ನ ಮುಟ್ರಿ, ನೋಡ್ರಿ ಮತ್ತ!" ಎಂದು ಹಾರಿಬಿದ್ದೆ. ಅವರು ಚಹಾದ ಕಪ್ಪು ಹಿಡಿದುಕೊಂಡು ಗ್ಯಾಲರಿಗೆ ಹೋದರು.

ತವರಿನಲ್ಲಿ ಅವ್ವ ಕೂಡಿಸಿ ಕಲಿಸಹೋದರೆ ಎದ್ದು ಓಡುತ್ತಿದ್ದವಳು ನಾನು. "ನಿನ್ನ ಕುಂಡ್ಯಾಗ ಮುಳ್ಳ ಅದಾವೇನ?" ಎಂದು ಬೈಯುತ್ತಿದ್ದಳು. ಈಗ ದಿನಾ ಮಧ್ಯಾಹ್ನ ಕಿಟಕಿಯ ಬಳಿ ಕೂತು, ಅವಳ ಹೊಲಿಗೆಗಳನ್ನು ಬೆರಳಿನಿಂದ ಸವರಿ, ಒಂದೊಂದೇ ಸಂದು ತುಂಬತೊಡಗಿದೆ. ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕಿದೆ. ದಾರವನ್ನು ಎಷ್ಟು ಬಿಗಿಯಾಗಿ ಎಳೆಯುತ್ತಿದ್ದಳು, ಎಲ್ಲಿ ಅವಳ ಕೈ ಸೋತಿತ್ತು, ಎಲ್ಲವೂ ತಿಳಿಯುತ್ತಿತ್ತು. ಅವಳು ಬದುಕಿದ್ದಾಗಲೂ ಅಷ್ಟು ಹತ್ತಿರ ನಾನು ಕೂತಿರಲಿಲ್ಲ. ಜನ ಒಂದು ಹಾಡಿಗೆ, ಮಾಸಿದ ಒಂದು ಚಿತ್ರಕ್ಕೆ ಯಾಕೆ ಹಾಗೆ ಜೀವ ಬಿಡುತ್ತಾರೆ ಎಂದು ನಗುತ್ತಿದ್ದೆನಲ್ಲ, ಅದು ಆಗ ಅರ್ಥವಾಯಿತು. ಅವ್ವ ಬೇಕಾಗಿತ್ತು ನನಗೆ. ಆ ಸಾಲಿನಲ್ಲಿ ಸಿಗುತ್ತಿದ್ದಳು.

ಕುಬಸದ ಮುನ್ನಾದಿನ ಕೆಲಸ ಮುಗಿಯಿತು. ಪಕ್ಕದ ಖೋಲಿಯಲ್ಲಿದ್ದ ಉಡುಪಿ ಕಡೆಯ ಹೆಂಗಸು, ಹೋಟೆಲಿನ ಅಡುಗೆಯವರ ಹೆಂಡತಿ, ಸೆರಗನ್ನು ತಿರುಗಾಮುರುಗಾ ಹಿಡಿದು ನೋಡಿದರು.

"ಅಬ್ಬ! ನಿಮ್ಮ ಅಮ್ಮ ಹಾಕಿದ್ದು ಯಾವುದು, ನೀವು ಹಾಕಿದ್ದು ಯಾವುದು? ಒಂಚೂರೂ ಗೊತ್ತಾಗುದಿಲ್ಲ ಮಾರಾಯ್ರೆ!"

ನಾನು ಉಬ್ಬಿಹೋದೆ. ತೋರಿಸೋಣವೆಂದು ಬೆರಳಿಟ್ಟೆ. ನನಗೂ ಗೊತ್ತಾಗಲಿಲ್ಲ. ಒಂದು ಬಿಟ್ಟು ಒಂದು ಅವ್ವನದೇ ತಾನೆ ಎಂದು ತುದಿಯಿಂದ ಎಣಿಸಿದೆ. ಗೋಪುರದ ತಿರುವಿನಲ್ಲಿ ಲೆಕ್ಕ ತಪ್ಪಿತು. ಮತ್ತೆ ಎಣಿಸಿದೆ. ಮತ್ತೆ ತಪ್ಪಿತು. "ಏನಾಯ್ತು? ಹೊಟ್ಟೆನೋವಾ?" ಎಂದು ಆಕೆ ಗಾಬರಿಯಾಗಿ ಕೇಳುತ್ತಿದ್ದರೆ, ನಾನು ಸೀರೆಯನ್ನು ಮುಖಕ್ಕೊತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಹಾಳಾದ್ದು, ಸ್ವಲ್ಪ ಕೆಟ್ಟದಾಗಿ ಹಾಕಬೇಕಿತ್ತು ನಾನು.